ಮಾಕಳಿ ಬೇರಿನ ಪೂರ್ವೋತ್ತರ

ದೊಡ್ಡಬಳ್ಳಾಪುರದಿಂದ ಹಿಂದೂಪುರದ ಕಡೆಗೆ ಹೋಗುವ ರೈಲಿನಲ್ಲಿ ಕುಳಿತವರಿಗೆ, ಊರು ಬಿಟ್ಟು ಸ್ವಲ್ಪ ಹೊತ್ತಿಗೆಲ್ಲ ಬೋಳು ಬಂಡೆಯ ಬೆಟ್ಟವೊಂದು ಎದುರಾಗುತ್ತದೆ. ಬೆಟ್ಟದ ನೆತ್ತಿಯಲ್ಲಿ ಹಳೆಯ ಕೋಟೆಯ ಗೋಡೆ. ಅದರೊಳಗೆ ಒಂದು ಶಿವಾಲಯ, ಶಿವನೆದುರಿಗೆ ನಂದಿ. ಬೆಟ್ಟದ ಹೆಸರು ಮಾಕಳಿದುರ್ಗ. ಬೆಟ್ಟದ ಬುಡದಲ್ಲಿರುವ ರೈಲು ನಿಲ್ದಾಣಕ್ಕೂ ಅದೇ ಹೆಸರು.

ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯಲ್ಲಿ ತತ್ಸಮ ತದ್ಭವಗಳ ಪಾಠ ನಡೆದಿತ್ತು. ಮಕ್ಕಳಿಗೆ ಪರಿಚಯವಾದ ಹೆಸರಿನಿಂದಲೇ ವಿಷಯವನ್ನು ಹೇಳಬೇಕೆಂದು ನಾನು ಕಪ್ಪು ಹಲಗೆಯ ಮೇಲೆ "ಮಾಕಳಿದುರ್ಗ" ಎಂದು ಬರೆದೆ. ಮಹಾನವಮಿ ಎಂಬುದು ಜನರ ಬಾಯಲ್ಲಿ ಮಾರ್ನವಮಿಯಾದಂತೆ, ಮಹಾಕಾಳಿ ಎಂಬುದು ಸವೆದು ಮಾಕಾಳಿ, ಮಾಕಳಿ ಆಗಿರಬಹುದು ಎಂದು ವಿವರಿಸಿದೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ನಿಂತು, "ಸಾರ್, ನಮ್ಮಜ್ಜಿ ಮಾಕಳಿ ಬೇರಿನ ಉಪ್ಪಿನಕಾಯಿ ಹಾಕ್ತಾರೆ. ಆ ಬೇರು ಈ ಬೆಟ್ಟದ್ದೇನಾ?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಉತ್ತರ ಹೇಳಲಾಗಲಿಲ್ಲ. ಶಬ್ದದ ಮೂಲವನ್ನು ಮೂವತ್ತು ವರ್ಷ ಪಾಠ ಹೇಳಿದವನಿಗೆ, ಆ ಶಬ್ದ ಯಾವ ವಸ್ತುವನ್ನು ಹೇಳುತ್ತದೆಯೋ ಆ ವಸ್ತುವಿನ ಮೂಲ ತಿಳಿದಿರಲಿಲ್ಲ. ಆ ನಾಚಿಕೆಯಿಂದ ಹುಟ್ಟಿದ ವಿಚಾರಣೆಯೇ ಈ ಲೇಖನ.

ಮಾಕಳಿ ಬೇರನ್ನು ತಿಂದವರು ಅದನ್ನು ಮರೆಯುವುದಿಲ್ಲ. ತಿನ್ನದವರು ಅದರ ವಾಸನೆಗೇ ಮೂಗು ಮುಚ್ಚಿಕೊಳ್ಳುತ್ತಾರೆ. ತಿಗಣೆಯ ವಾಸನೆ ಎಂದು ಹಾಸ್ಯ ಮಾಡುವವರೂ ಉಂಟು. ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ಈ ಉಪ್ಪಿನಕಾಯಿ ಹಾಕುವ ದಿನವೆಂದರೆ ಸಂಭ್ರಮ. ಮಣ್ಣು ಮೆತ್ತಿದ ಬೇರನ್ನು ನೀರಿನಲ್ಲಿ ನೆನೆಹಾಕಿ, ಚೆನ್ನಾಗಿ ಉಜ್ಜಿ ತೊಳೆದು, ಕಂದು ಬಣ್ಣದ ಸಿಪ್ಪೆಯನ್ನು ಹೆರೆದು ತೆಗೆಯಬೇಕು. ಒಳಗೆ ನಡುವೆ ಕಡ್ಡಿಯಂಥ ಗಟ್ಟಿ ನಾರು ಇರುತ್ತದೆ, ಅದನ್ನೂ ಬಿಡಿಸಬೇಕು. ಉಳಿದ ಬಿಳಿಯ ತಿರುಳನ್ನು ಸಣ್ಣಗೆ ಹೆಚ್ಚಿ, ಉಪ್ಪು ಅರಿಸಿನ ಸೇರಿಸಿ, ನಿಂಬೆಯ ಹುಳಿಯಲ್ಲಿಯೋ ಕಡೆದ ಮೊಸರಿನಲ್ಲಿಯೋ ಮುಳುಗಿಸಿ, ಸಾಸಿವೆ ಮೆಣಸಿನಕಾಯಿಗಳ ಖಾರವನ್ನು ಅರೆದು ಹಾಕಿ, ಜಾಡಿಯ ಬಾಯಿಗೆ ಬಟ್ಟೆ ಕಟ್ಟಿಡುತ್ತಿದ್ದರು. ಮೊಸರನ್ನಕ್ಕೆ ಅದರ ಒಂದು ಹೋಳು ಸಾಕು. ನಮ್ಮ ತಾಯಿಯವರು ಬೇರು ಕೊಳ್ಳುವಾಗ ಹೆಬ್ಬೆರಳಿನ ಗಾತ್ರಕ್ಕಿಂತ ಸಣ್ಣದನ್ನು ಮುಟ್ಟುತ್ತಿರಲಿಲ್ಲ. ದಪ್ಪ ಬೇರೆಂದರೆ ವಯಸ್ಸಾದ ಬಳ್ಳಿ ಎಂಬುದು ನನಗೆ ಆಗ ತಿಳಿದಿರಲಿಲ್ಲ.

ಹೌದು, ಇದು ಬಳ್ಳಿ. ಒಣ ಕಾಡುಗಳಲ್ಲಿ, ಬಂಡೆಗಳ ಸಂದಿಯಲ್ಲಿ, ಕುರುಚಲು ಗಿಡಗಳ ಮೇಲೆ ಹಬ್ಬಿ ಬೆಳೆಯುವ ಬಳ್ಳಿ. ಎಲೆಗಳು ಎದುರುಬದುರಾಗಿ ಜೋಡಿಜೋಡಿಯಾಗಿರುತ್ತವೆ. ಎಲೆಯನ್ನು ಮುರಿದರೆ ಹಾಲು ಒಸರುತ್ತದೆ. ಹೂವು ತೀರ ಸಣ್ಣದು, ಬಿಳಿ ಹಳದಿ ಬೆರೆತ ಬಣ್ಣ, ಗೊಂಚಲಾಗಿ ಬಿಡುತ್ತದೆ. ದೇವರ ಮುಡಿಗಾಗಲಿ ಹೆಣ್ಣುಮಕ್ಕಳ ಮುಡಿಗಾಗಲಿ ಏರುವಂಥದಲ್ಲ. ಕಾಯಿಗಳೂ ಜೋಡಿ. ಒಣಗಿ ಬಿರಿದಾಗ ಒಳಗಿನ ಬೀಜಗಳು ರೇಷ್ಮೆಯಂಥ ಕುಚ್ಚನ್ನು ಕಟ್ಟಿಕೊಂಡು ಗಾಳಿಯಲ್ಲಿ ತೇಲಿಹೋಗುತ್ತವೆ. ಎಕ್ಕದ ಬೀಜ ಹಾರುವುದನ್ನು ಕಂಡವರಿಗೆ ಇದು ಹೊಸದಲ್ಲ. ಎಕ್ಕವೂ ಕಣಗಿಲೆಯೂ ಈ ಬಳ್ಳಿಯ ಕುಟುಂಬಕ್ಕೇ ಸೇರಿದವು. ಮೇಲೆ ಇಷ್ಟೊಂದು ಸಾಧಾರಣವಾದ ಬಳ್ಳಿಗೆ ನೆಲದೊಳಗೆ ಮಾತ್ರ ಐಶ್ವರ್ಯ: ಒಂದೇ ಬುಡದಿಂದ ಹಲವು ದಪ್ಪ ಬೇರುಗಳು ಗೊಂಚಲಾಗಿ ಇಳಿದಿರುತ್ತವೆ.

ಇನ್ನು ಹೆಸರಿನ ವಿಚಾರ. ಕನ್ನಡದಲ್ಲಿ ಮಾಕಳಿ ಎನ್ನುವವರೂ ಉಂಟು, ಮಾಗಳಿ ಎನ್ನುವವರೂ ಉಂಟು. ಕಕಾರ ಗಕಾರವಾಗುವುದು ನಮ್ಮ ಭಾಷೆಯಲ್ಲಿ ನಿತ್ಯದ ಸಂಗತಿ. ತಮಿಳಿನವರು ಇದನ್ನು ಮಾಗಾಳಿ ಕಿಳಂಗು ಎನ್ನುತ್ತಾರೆ. ತೆಲುಗಿನಲ್ಲಿ ಮಾರೇಡು ಕೊಮ್ಮುಲು ಎಂಬ ಹೆಸರುಂಟು. ತೆಲುಗಿನ ಕೊಮ್ಮು ನಮ್ಮ ಕೊಂಬೇ. ಅರಿಸಿನದ ಕೊಂಬು ಎನ್ನುವುದಿಲ್ಲವೇ, ಹಾಗೆ. ಮೂರು ಭಾಷೆಗಳು ಕೂಡುವ ನಮ್ಮ ಈ ಬಯಲು ಸೀಮೆಯಲ್ಲಿ ಒಂದು ಬೇರು ಮೂರು ಅಡಿಗೆಮನೆಗಳನ್ನು ಸೇರಿದೆ.

ಹಾಗಾದರೆ ಮಾಕಳಿದುರ್ಗಕ್ಕೆ ಬೇರಿನಿಂದ ಹೆಸರು ಬಂತೋ, ದೇವಿಯಿಂದ ಬಂತೋ? ಮಾರ್ಕಂಡೇಯ ಋಷಿ ಇಲ್ಲಿ ತಪಸ್ಸು ಮಾಡಿದನೆಂಬ ಐತಿಹ್ಯವನ್ನು ಹೇಳುವ ಸ್ಥಳದ ಜನ ಹೆಸರನ್ನು ಆ ಕಡೆಗೂ ಎಳೆಯುತ್ತಾರೆ. ನೆಲಮಂಗಲಕ್ಕೆ ಹೋಗುವ ತುಮಕೂರು ರಸ್ತೆಯಲ್ಲಿ ಮಾಕಳಿ ಎಂಬ ಊರೇ ಇದೆ, ಅಲ್ಲಿ ಬೆಟ್ಟವಿಲ್ಲ. ಪಂಡಿತ ಪರೀಕ್ಷೆಗೆ ಓದುವಾಗ ನಮ್ಮ ಗುರುಗಳು ಒಂದು ಎಚ್ಚರಿಕೆ ಹೇಳಿದ್ದರು: ರಾಜನೂ ಅರಸು, ಹುಡುಕುವುದೂ ಅರಸು, ಆದ್ದರಿಂದ ಹುಡುಕುವವನೇ ರಾಜ ಎಂದು ನಿರುಕ್ತಿ ಕಟ್ಟಬೇಡಿ ಎಂದು. ಧ್ವನಿಯ ಹೋಲಿಕೆ ಸಂಬಂಧಕ್ಕೆ ಸಾಕ್ಷಿಯಲ್ಲ. ಆದುದರಿಂದ ಮಾಕಳಿ ಎಂಬ ಮೊದಲ ಅರ್ಧವನ್ನು ಅಲ್ಲಿಗೇ ಬಿಟ್ಟು, ದುರ್ಗ ಎಂಬ ಎರಡನೆಯ ಅರ್ಧವನ್ನು ಹಿಡಿಯುತ್ತೇನೆ. ಬಳ್ಳಿಯ ಚರಿತ್ರೆಗೆ ನಿಜವಾದ ಬೀಗದ ಕೈ ಅದರಲ್ಲಿದೆ.

ದುರ್ಗವೆಂದರೆ ಸುಲಭವಾಗಿ ಹೋಗಲಾಗದ ಸ್ಥಳ. ನಮ್ಮ ಸುತ್ತಮುತ್ತ ಇಂಥವು ಎಷ್ಟಿವೆ! ನಂದಿದುರ್ಗ, ದೇವರಾಯನದುರ್ಗ, ಹುತ್ರಿದುರ್ಗ, ಸಾವನದುರ್ಗ. ಪಾಳೆಯಗಾರರು ಈ ಬಂಡೆಗಳನ್ನು ಆರಿಸಿಕೊಂಡದ್ದು ಯಾವ ಕಾರಣಕ್ಕೋ, ಮಾಕಳಿ ಬಳ್ಳಿಯೂ ಅಂಥ ಬಂಡೆಯ ಇಳಿಜಾರುಗಳಲ್ಲಿ ಉಳಿದದ್ದು ಅದೇ ಕಾರಣಕ್ಕೆ. ಸುತ್ತಲಿನ ಸಮನೆಲವೆಲ್ಲ ನೇಗಿಲಿಗೆ ಸಿಕ್ಕಿ ರಾಗಿಯ ಹೊಲವಾಯಿತು, ಅವರೆಯ ಹೊಲವಾಯಿತು. ಬಂಡೆಯ ಸಂದಿಗೆ ನೇಗಿಲು ಹೋಗಲಿಲ್ಲ. ಅಲ್ಲಿ ಹಿಡಿಮಣ್ಣನ್ನು ನೆಚ್ಚಿ, ಮಳೆಗಾಲದ ನೀರನ್ನು ಬೇರಿನಲ್ಲಿ ಕೂಡಿಟ್ಟುಕೊಂಡು, ಬೇಸಗೆಯನ್ನು ಕಳೆಯುವ ಬಳ್ಳಿ ಬದುಕಿತು. ದುರ್ಗದ ಉಗ್ರಾಣದಲ್ಲಿ ಪಾಳೆಯಗಾರ ಧಾನ್ಯ ಕೂಡಿಟ್ಟಂತೆ ಇದು.

ಸಾವನದುರ್ಗವನ್ನೇ ನೋಡಿ. 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆ ಹುಟ್ಟಿದಾಗ ಮಾಗಡಿ ತಾಲ್ಲೂಕಿನೊಡನೆ ಅದು ನಮ್ಮ ಜಿಲ್ಲೆಯಲ್ಲಿಯೇ ಇತ್ತು. 2007ರಲ್ಲಿ ರಾಮನಗರ ಜಿಲ್ಲೆಯಾದಾಗ ಆ ಕಡೆಗೆ ಹೋಯಿತು. ಮಾಗಡಿಯ ಕೆಂಪೇಗೌಡರ ವಂಶದ ಆಶ್ರಯಸ್ಥಾನವಾಗಿದ್ದ ಈ ಬಂಡೆಯನ್ನು 1728ರಲ್ಲಿ ಮೈಸೂರಿನವರು ಹಿಡಿದರು. 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸನ ಸೈನ್ಯ ಟೀಪುವಿನಿಂದ ಅದನ್ನು ಕಿತ್ತುಕೊಂಡಿತು. ಸುತ್ತ ದಟ್ಟವಾದ ಬಿದಿರು ಮುಳ್ಳಿನ ಕಾಡು. ಕೋಟೆಗೆ ಗೋಡೆಗಿಂತ ಕಾಡೇ ಹೆಚ್ಚಿನ ರಕ್ಷಣೆ. ಫಿರಂಗಿಗಳನ್ನು ಒಳಕ್ಕೆ ಸಾಗಿಸಲು ದಾರಿ ಕಡಿಯುವುದೇ ಮುತ್ತಿಗೆಯ ದೊಡ್ಡ ಕೆಲಸವಾಯಿತು. ಕೋಟೆ ಬಿತ್ತು; ಕಾಡು ಮತ್ತೆ ಬೆಳೆಯಿತು; ಮಾಕಳಿ ಬಳ್ಳಿ ಅಲ್ಲಿ ಉಳಿಯಿತು.

ಆ ಮುತ್ತಿಗೆಯಾಗಿ ಒಂಬತ್ತು ವರ್ಷಕ್ಕೆ, ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ಇನ್ನೊಬ್ಬ ಪರದೇಶಿ ಈ ಸೀಮೆಗೆ ಬಂದ. ಅವನ ಕೈಯಲ್ಲಿದ್ದುದು ಫಿರಂಗಿಯಲ್ಲ, ಲೆಕ್ಕಣಿಕೆ. ಹೆಸರು ಫ್ರಾನ್ಸಿಸ್ ಬುಕಾನನ್; ವೃತ್ತಿಯಲ್ಲಿ ವೈದ್ಯ, ಮನಸ್ಸಿನಲ್ಲಿ ಸಸ್ಯಶಾಸ್ತ್ರಜ್ಞ. ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ 1800ರ ಏಪ್ರಿಲಿನಲ್ಲಿ ಮದ್ರಾಸಿನಿಂದ ಹೊರಟು, ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಮೂರು ಸಂಪುಟಗಳ ಪ್ರವಾಸಗ್ರಂಥದಲ್ಲಿ ನಮ್ಮ ದೊಡ್ಡಬಳ್ಳಾಪುರ ಒಂದು ಅಧ್ಯಾಯದ ಕೊನೆಯೂ ಮುಂದಿನ ಅಧ್ಯಾಯದ ಮೊದಲೂ ಆಗಿದೆ: ಬೆಂಗಳೂರಿನಿಂದ ಇಲ್ಲಿಗೆ, ಇಲ್ಲಿಂದ ಸಿರಾಕ್ಕೆ. ಬೆಳೆ, ಗೇಣಿ, ನೇಯ್ಗೆ, ಕಬ್ಬಿಣದ ಕುಲುಮೆ, ಎಲ್ಲವನ್ನೂ ಕೇಳಿ ಬರೆದುಕೊಂಡ. ಗಿಡಮರಗಳನ್ನು ಕಂಡಲ್ಲಿ ಊರಿನವರು ಕರೆಯುವ ಹೆಸರನ್ನೂ ಕೇಳಿ ಗುರುತಿಸಿಕೊಳ್ಳುವುದು ಅವನ ಕ್ರಮ. ಮುಂದೆ ತಾಯಿಯ ಕಡೆಯ ಆಸ್ತಿಗೆ ಬಾಧ್ಯನಾದಾಗ ಆ ಮನೆತನದ ಹ್ಯಾಮಿಲ್ಟನ್ ಎಂಬ ಹೆಸರನ್ನು ಧರಿಸಿದ, 1829ರಲ್ಲಿ ತೀರಿಕೊಂಡ.

ಅವನು ಸತ್ತು ಐದು ವರ್ಷಕ್ಕೆ, 1834ರಲ್ಲಿ, ಮಾಕಳಿ ಬಳ್ಳಿಗೆ ಶಾಸ್ತ್ರದ ನಾಮಕರಣವಾಯಿತು. ಮಾಡಿದವರು ಇಬ್ಬರು. ಒಬ್ಬ ರಾಬರ್ಟ್ ವೈಟ್, ಮದ್ರಾಸಿನ ಕಂಪನಿ ಸರ್ಕಾರದಲ್ಲಿ ವೈದ್ಯನಾಗಿದ್ದವನು. ಇನ್ನೊಬ್ಬ ಸ್ಕಾಟ್ಲೆಂಡಿನಲ್ಲಿದ್ದ ಅವನ ಮಿತ್ರ ವಾಕರ್ ಆರ್ನಾಟ್. ಇದು ಅದುವರೆಗೆ ತಿಳಿದ ಯಾವ ಜಾತಿಗೂ ಸೇರದೆಂದು ಕಂಡು, ಡೆಕಾಲೆಪಿಸ್ ಎಂಬ ಹೊಸ ಜಾತಿಯನ್ನೇ ಅವರು ಏರ್ಪಡಿಸಿದರು. ಗ್ರೀಕಿನಲ್ಲಿ ಡೆಕಾ ಎಂದರೆ ಹತ್ತು, ಲೆಪಿಸ್ ಎಂದರೆ ಹುರುಪೆ. ನಮ್ಮ ಸಂಸ್ಕೃತದ ದಶ ಶಬ್ದವೂ ಆ ಡೆಕಾ ಶಬ್ದವೂ ಸೋದರರು. ಹಾಗಾಗಿ ಇದನ್ನು "ದಶಶಲ್ಕ" ಎಂದರೂ ನಡೆಯುತ್ತದೆ. ಪ್ರಭೇದದ ಹೆಸರಾಗಿ ಹ್ಯಾಮಿಲ್ಟನ್ನನನ್ನು ಸ್ಮರಿಸಿ, ಡೆಕಾಲೆಪಿಸ್ ಹ್ಯಾಮಿಲ್ಟೋನಿಯೈ ಎಂದು ಕರೆದರು.

ಇಲ್ಲಿ ಒಂದು ಮಾತು ಹೇಳಬೇಕು. ವೈಟನ ಬಳಿ ರಂಗಯ್ಯ, ಗೋವಿಂದು ಎಂಬ ಇಬ್ಬರು ಚಿತ್ರಗಾರರಿದ್ದರು. ಅವನ ಗ್ರಂಥಗಳ ಸಸ್ಯಚಿತ್ರಗಳ ಹಿಂದೆ ಇವರ ಕುಂಚವಿದೆ; ಅವರ ಹೆಸರುಗಳು ಇಂದಿಗೂ ಉಳಿದಿವೆ. ಆದರೆ ಬಂಡೆ ಹತ್ತಿ ಬಳ್ಳಿಯನ್ನು ಗುರುತಿಸಿ, ಅಗೆದು, ಇದು ತಿನ್ನುವ ಬೇರು ಎಂದು ಮೊದಲು ತಿಳಿಸಿಕೊಟ್ಟ ಕಾಡಿನ ಜನರ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಈ ಬೇರು ತಲೆತಲಾಂತರದ ಪರಿಚಯ. ಬಳ್ಳಿ ಹ್ಯಾಮಿಲ್ಟನ್ನನ ಹೆಸರನ್ನು ಹೊತ್ತಿದೆ. ತಿಳಿವಳಿಕೆ ಮಾತ್ರ ಅವರದು.

ಡೆಕಾಲೆಪಿಸ್ ಜಾತಿಯಲ್ಲಿ ಬಹುಕಾಲ ಇದೊಂದೇ ಪ್ರಭೇದವಿತ್ತು. 1978ರಲ್ಲಿ ಅಗಸ್ತ್ಯ ಪರ್ವತದ ಕಡೆಯ ಕಾಣಿ ಜನರು ಔಷಧವಾಗಿ ಬಳಸುವ ಗಿಡವೊಂದನ್ನು ವಿದ್ವಾಂಸರು ವರ್ಣಿಸಿ, ನಮ್ಮ ದೇಶದ ಹೆಸರಾಂತ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಅವರ ಗೌರವಾರ್ಥ ಜಾನಕಿಯಾ ಎಂಬ ಹೊಸ ಜಾತಿಯಾಗಿಸಿದರು. 1997ರಲ್ಲಿ ಮರುಪರಿಶೀಲನೆಯಾಗಿ ಅದು ಡೆಕಾಲೆಪಿಸ್ ಜಾತಿಗೇ ಸೇರಿತು. ಜಾನಕಿಯಾ ಎಂಬ ಹೆಸರು ಬಳಕೆಯಿಂದ ಸರಿಯಿತು. ಆನೆಮಲೆಯ ಇನ್ನೊಂದು ಗಿಡವೂ ಇತ್ತೀಚೆಗೆ ಇದೇ ಮನೆಗೆ ಬಂದಿದೆ. ಹೆಸರುಗಳು ಬರುತ್ತವೆ, ಹೋಗುತ್ತವೆ. ಗಿಡವಿದ್ದರೆ ಹೆಸರನ್ನು ತಿದ್ದಬಹುದು.

ಇನ್ನು ಬೇರಿನ ವಾಸನೆಯ ರಹಸ್ಯ. 1941ರಲ್ಲಿ ವಾಲ್ಟೇರಿನ ಆಂಧ್ರ ವಿಶ್ವವಿದ್ಯಾಲಯದಲ್ಲಿ ಟಿ. ಆರ್. ಶೇಷಾದ್ರಿಯವರೂ ಅವರ ಜೊತೆಗಾರ ರಾಮಮೂರ್ತಿಯವರೂ ಈ ಬೇರಿನ ರಸಾಯನ ಪರೀಕ್ಷೆ ನಡೆಸಿದರು. ತಮ್ಮ ಲೇಖನದ ತಲೆಬರಹದಲ್ಲಿಯೇ ಮಾಕಳಿ ಬೇರು ಎಂಬ ದೇಶೀಯ ಹೆಸರನ್ನು ಇಟ್ಟದ್ದು ನನಗೆ ಬಹಳ ಹಿಡಿಸಿತು. ಮಿಠಾಯಿಗಳಿಗೆ ಹಾಕುವ ವೆನಿಲ್ಲಾದ ಪರಿಮಳದ್ರವ್ಯಕ್ಕೂ ಮಾಕಳಿಯ ಗಂಧಕ್ಕೂ ಹತ್ತಿರದ ನಂಟು: ಎರಡರಲ್ಲಿಯೂ ಅವೇ ಪರಮಾಣುಗಳು, ಅಷ್ಟೇ ಸಂಖ್ಯೆಯಲ್ಲಿ, ಜೋಡಣೆ ಮಾತ್ರ ಬೇರೆ. ವ್ಯಾಕರಣದವನಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕವಿ ಎಂಬ ಎರಡಕ್ಷರಗಳನ್ನು ತಿರುವು ಮುರುವು ಮಾಡಿದರೆ ವಿಕ ಆಗುತ್ತದೆ. ಅಕ್ಷರಗಳು ಅವೇ, ಕಾವ್ಯ ಮಾತ್ರ ಹೋಯಿತು. 1999ರಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯವರು, ಈ ಬೇರಿನ ಸತ್ತ್ವವು ಕೂಡಿಟ್ಟ ಧಾನ್ಯವನ್ನು ಹುಳುವಿನಿಂದ ಕಾಯುತ್ತದೆಂದು ಪ್ರಕಟಿಸಿದರು. ತಿಗಣೆಯ ವಾಸನೆ ಎಂದು ನಕ್ಕವರು ಇದನ್ನು ಕೇಳಬೇಕು: ಆ ಬೇರಿನಿಂದ ಹುಳುವೇ ಓಡುತ್ತದೆ.

ಗುಣವೇ ಬಳ್ಳಿಗೆ ಶತ್ರುವಾಯಿತು. ಆಯುರ್ವೇದದಲ್ಲಿ ಸಾರಿವಾ ಎಂಬ ಮೂಲಿಕೆಯುಂಟು. ನಮ್ಮಲ್ಲಿ ಸೊಗದೆ ಬೇರು, ನಾಮದ ಬೇರು ಎನ್ನುವುದು ಅದನ್ನೇ. ಬೇಸಗೆಯಲ್ಲಿ ಕುಡಿಯುವ ನನ್ನಾರಿ ಪಾನಕ ಅದರದು. ಅದರ ಬೇರು ತಂತಿಯಂತೆ ಸಣ್ಣ. ಒಂದು ಮೂಟೆ ಕೂಡಿಸಬೇಕಾದರೆ ಬೆನ್ನು ಮುರಿಯುತ್ತದೆ. ಮಾಕಳಿಗೂ ಅದಕ್ಕೂ ಇರುವ ಗಂಧದ್ರವ್ಯ ಒಂದೇ. ಒಂದು ಬುಡ ಅಗೆದರೆ ಮಾಕಳಿ ಬೇರು ಬುಟ್ಟಿ ತುಂಬುತ್ತದೆ. ವ್ಯಾಪಾರಕ್ಕೆ ಇಷ್ಟು ಸಾಲದೆ? ಸಾರಿವಾ ಎಂಬ ಹೆಸರಿನಲ್ಲಿ ಮಾಕಳಿ ಅಂಗಡಿಗೆ ಹೋಯಿತು. ರಾಯಲಸೀಮೆಯ ನನ್ನಾರಿ ಷರಬತ್ತಿಗೂ ಹೋಯಿತು. ಉಪ್ಪಿನಕಾಯಿಯ ಜಾಡಿಗೆ ವರ್ಷಕ್ಕೊಂದು ಕಟ್ಟು ಸಾಕಾಗಿತ್ತು. ವ್ಯಾಪಾರಕ್ಕೆ ಎಷ್ಟು ಮೂಟೆಯಾದರೂ ಸಾಲದು.

ನಮ್ಮ ಊರ ಸಂತೆಯಲ್ಲಿ ಹಿಂದೆ ಈ ಬೇರು ಮಾರುತ್ತಿದ್ದ ಮುದುಕಿಯೊಬ್ಬರನ್ನು ನಾನು ಬಲ್ಲೆ. ಅವರು ಹೇಳಿದ ಮಾತು ಇಷ್ಟೇ: "ಸ್ವಾಮಿ, ಆಗೆಲ್ಲ ಬುಡದಾಗೆ ಅರ್ಧ ಬಿಟ್ಟು, ಅರ್ಧ ಕಿತ್ತು, ಮಣ್ಣು ಮುಚ್ಚಿ ಬರ್ತಿದ್ವಿ. ಮುಂದಿನ ಸಲಕ್ಕೂ ನಾವೇ ಬರಬೇಕಲ್ಲ. ಈಗ ಬರೋನು ಮತ್ತೆ ಬರೋನಲ್ಲ. ಅವನಿಗ್ಯಾಕೆ ಬೇಕು ಬುಡ?" ಅರ್ಥಶಾಸ್ತ್ರದ ಒಂದು ದೊಡ್ಡ ತತ್ತ್ವವನ್ನು ಇಷ್ಟು ಚಿಕ್ಕದಾಗಿ ಹೇಳಿದವರನ್ನು ನಾನು ಕಂಡಿಲ್ಲ. ಎಲೆಯನ್ನೋ ಹಣ್ಣನ್ನೋ ಕಿತ್ತರೆ ಗಿಡ ಉಳಿಯುತ್ತದೆ. ಬೇರನ್ನೆಲ್ಲ ಕಿತ್ತರೆ ಉಳಿಯುವುದೇನು? ಬೀಜದಿಂದಾದರೂ ಬೇಗ ಹುಟ್ಟೀತೆಂದರೆ, ಈ ಬಳ್ಳಿ ಕಾಯಿ ಕಟ್ಟುವುದು ಕಡಿಮೆ, ಬೀಜ ಮೊಳೆಯುವುದೂ ಕಡಿಮೆ. 2015ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಗೆ ಮಾಕಳಿಯು ಅಳಿವಿನಂಚಿನ ಸಸ್ಯವೆಂದು ಸೇರಿತು. ಸೈನ್ಯ ಏರಲು ಕಷ್ಟಪಟ್ಟ ದುರ್ಗವನ್ನು ಒಂದು ಗುದ್ದಲಿ, ಒಂದು ಗೋಣಿಚೀಲ ಗೆದ್ದುಬಿಟ್ಟವು.

ಆದರೆ ಕೋಟೆಯನ್ನು ಕಾಯುವವರೂ ಇಲ್ಲದಿಲ್ಲ. ಅರಣ್ಯ ಇಲಾಖೆಯವರು ಬೆಂಗಳೂರಿನ ಮೂಲಿಕಾ ಸಂಶೋಧಕರೊಡನೆ ಸೇರಿ ರಾಜ್ಯದ ಹಲವೆಡೆ ಔಷಧಿ ಸಸ್ಯಗಳ ಸಂರಕ್ಷಣಾ ಪ್ರದೇಶಗಳನ್ನು ಗೊತ್ತುಮಾಡಿದ್ದಾರೆ. ಸಾವನದುರ್ಗ, ದೇವರಾಯನದುರ್ಗಗಳು ಅವುಗಳಲ್ಲಿ ಎರಡು. ಮೈಸೂರಿನ ಪ್ರಯೋಗಾಲಯದಲ್ಲಿ ಬಳ್ಳಿಯ ಚಿಗುರಿನ ತುಣುಕನ್ನು ಗಾಜಿನ ಸೀಸೆಯಲ್ಲಿ ಬೆಳೆಸಿ ಸಸಿ ಮಾಡುವ ವಿಧಾನವನ್ನು ಕಂಡುಹಿಡಿದಿದ್ದಾರೆ. ಇವುಗಳ ಜೊತೆಗೆ ಕೊಳ್ಳುವವರ ಕೈಯಲ್ಲಿಯೂ ಒಂದು ಬೀಗವಿದೆ. ಬೇರು ಎಲ್ಲಿಯದು, ಬುಡ ಉಳಿಯಿತೇ ಎಂದು ಕೇಳಿ ಕೊಳ್ಳುವ ಗೃಹಿಣಿಯೊಬ್ಬಳು ಒಬ್ಬ ಕಾವಲುಗಾರನಿಗೆ ಸಮ.

ಕೊನೆಗೆ, ಆ ಹುಡುಗನ ಪ್ರಶ್ನೆಗೆ ಬರುತ್ತೇನೆ. ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಮಾಕಳಿದುರ್ಗ ಹತ್ತಿದೆ. ಸಾವನದುರ್ಗದಲ್ಲಿ ಬಲ್ಲವರೊಬ್ಬರು ತೋರಿಸಿದ್ದ ಬಳ್ಳಿಯ ಗುರುತು ನನಗಿತ್ತು. ಬೆಳಗಿನಿಂದ ಸಂಜೆಯವರೆಗೆ ಬಂಡೆಬಂಡೆಯ ಸಂದಿಯನ್ನೂ ಮಕ್ಕಳು ಹುಡುಕಿದರು. ಎಲೆ ಮುರಿದು ಹಾಲು ಬಂದುದನ್ನೆಲ್ಲ ಓಡಿಬಂದು ತೋರಿಸಿದರು. ಒಂದೂ ಅದಲ್ಲ. ಇಳಿಯುವಾಗ ಕೆಳಗೆ ರೈಲು ಹೋಗುತ್ತಿತ್ತು. ಆ ಹುಡುಗ ನನ್ನ ಪಕ್ಕಕ್ಕೆ ಬಂದು, "ಸಾರ್, ಹೆಸರು ಮಾತ್ರ ಇದೆ" ಎಂದ.

ನಾನು ವ್ಯಾಕರಣದ ಮಾತು ಯಾವುದನ್ನೂ ಹೇಳಲಿಲ್ಲ. ಆಮೇಲೆ ಸಸ್ಯಪಾಲನೆ ಮಾಡುವವರೊಬ್ಬರಿಂದ ಎರಡು ಮಾಕಳಿ ಸಸಿ ತಂದು ಶಾಲೆಯ ಹಿಂದಿನ ಕಲ್ಲುಗುಡ್ಡೆಯ ಬಳಿ ನೆಟ್ಟೆವು. ಒಂದು ಬೇಸಗೆಗೆ ಹೋಯಿತು. ಇನ್ನೊಂದು ಹೊಂಗೆಯ ಮರದ ಮೇಲೆ ಹಬ್ಬಿದೆ. ಸಂಗತಿ ತಿಳಿದ ಆ ಹುಡುಗನ ಅಜ್ಜಿ, ಬೇರು ಯಾವಾಗ ಕೀಳುತ್ತೀರಿ ಎಂದು ಒಮ್ಮೆ ಹೇಳಿಕಳಿಸಿದ್ದರು. ಕೀಳುವುದಿಲ್ಲ ಎಂದು ಮಕ್ಕಳೇ ಉತ್ತರ ಕೊಟ್ಟರು. ಆ ವರ್ಷ ಅವರ ಮನೆಯಲ್ಲಿ ಮಾವಿನಶುಂಠಿಯ ಉಪ್ಪಿನಕಾಯಿ ಹಾಕಿದರಂತೆ. ನನಗೂ ಒಂದು ಸಣ್ಣ ಜಾಡಿ ಬಂತು.